ಅಸ್ಥಿನ್ಯಾಯವೂ ಸುಷಿರರಚನೆಯ ಗಣಿತವೂ

ಕನ್ನಡದಲ್ಲಿ ಟೊಳ್ಳು, ಪೊಳ್ಳು, ಜೊಳ್ಳು ಎಂಬ ಮೂರು ಮಾತುಗಳೂ ನಿಂದಾರ್ಥದಲ್ಲಿಯೇ ರೂಢವಾಗಿವೆ. ಇವುಗಳಿಗೆ ಎದುರಾಗಿ ಗಟ್ಟಿ ಎಂಬುದು ಪ್ರಶಂಸೆಯ ಮಾತು. ಟಿ. ಪಿ. ಕೈಲಾಸಂ ಅವರು ತಮ್ಮ ನಾಟಕವೊಂದಕ್ಕೆ ‘ಟೊಳ್ಳುಗಟ್ಟಿ’ ಎಂದು ಹೆಸರಿಟ್ಟುದು ಈ ವಿರೋಧದ ಮೇಲೆಯೇ. ಒಳಗೆ ತುಂಬಿರುವುದು ಬಲವುಳ್ಳದ್ದು, ಒಳಗೆ ಬರಿದಾಗಿರುವುದು ಬಲಹೀನವಾದುದು ಎಂಬ ಭಾವನೆಯೇ ಈ ಪ್ರಯೋಗಗಳಿಗೆಲ್ಲ ಆಧಾರ. ಆದರೆ ಈ ಭಾವನೆಯು ವಸ್ತುಸ್ಥಿತಿಗೆ ಒಪ್ಪುವುದೇ ಎಂದು ಪರೀಕ್ಷಿಸಿದರೆ, ಉತ್ತರವು ಬೇರೆಯಾಗಿಯೇ ತೋರುವುದು.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿಗೆ ಸೇರಿದ ಖಜೂರಿಯು ಕನ್ನಡ ನಾಡಿನ ಉತ್ತರದ ಗಡಿಯ ಸಮೀಪದಲ್ಲಿರುವ ಗ್ರಾಮ. ಸುತ್ತಲಿನ ಎರೆಯ ಭೂಮಿಯಲ್ಲಿ ಹಿಂಗಾರಿನ ಜೋಳವು ಆಳೆತ್ತರವನ್ನು ಮೀರಿ ಬೆಳೆಯುವುದು. ಹೆಬ್ಬೆರಳ ಗಾತ್ರದ ದಂಟು ತನ್ನ ನೆತ್ತಿಯ ಮೇಲೆ ತುಂಬಿದ ತೆನೆಯನ್ನು ಹೊತ್ತು, ಗಾಳಿ ಬೀಸಿದತ್ತ ಬಾಗಿ, ಗಾಳಿ ನಿಂತೊಡನೆ ಮರಳಿ ನೆಟ್ಟಗಾಗುವುದು. ಆ ದಂಟನ್ನು ಅಡ್ಡಲಾಗಿ ಕೊಯ್ದರೆ ಹೊರಗೆ ತೆಳುವಾದ ಗಟ್ಟಿ ಸಿಪ್ಪೆಯೂ ಒಳಗೆ ಹಗುರವಾದ ಬೆಂಡೂ ಕಾಣುವುವು. ಹಳ್ಳಿಯ ಮಕ್ಕಳು ಈ ಎರಡನ್ನೂ ಬೇರ್ಪಡಿಸಿ, ಸಿಪ್ಪೆಯ ಸೀಳುಗಳನ್ನು ಬೆಂಡಿನ ತುಂಡುಗಳಿಗೆ ಚುಚ್ಚಿ ಆಟದ ಬಂಡಿಗಳನ್ನು ಮಾಡುವರು. ಬೇರ್ಪಟ್ಟ ಸಿಪ್ಪೆಯು ಸುಲಭವಾಗಿ ಬಳುಕುವುದು. ಬೇರ್ಪಟ್ಟ ಬೆಂಡು ಉಗುರಿಗೇ ಪುಡಿಯಾಗುವುದು. ಎರಡೂ ಕೂಡಿದ್ದಾಗ ಮಾತ್ರ ತೆನೆಯನ್ನು ಹೊರುವ ಬಲವುಂಟು. ಹೀಗಿರಲು ಆ ಬಲವು ದ್ರವ್ಯದಲ್ಲಿಲ್ಲ, ದ್ರವ್ಯದ ವಿನ್ಯಾಸದಲ್ಲಿದೆ ಎಂದು ಹೇಳಬೇಕಾಗುತ್ತದೆ.

ಪ್ರಾಣಿಗಳ ಎಲುಬಿನ ರಚನೆಯೂ ಈ ಬಗೆಯದೇ. ಹೊರಗೆ ಗಟ್ಟಿಯಾದ ಕವಚ; ಒಳಗೆ, ವಿಶೇಷವಾಗಿ ಕೀಲುಗಳ ಬಳಿಯಲ್ಲಿ, ಜೇನುಹುಟ್ಟಿನಂತೆ ರಂಧ್ರಮಯವಾದ ಜಾಲ. ಈ ಎಲುಬಿನ ಕ್ರಮವನ್ನು ಗಣಕಯಂತ್ರದ ಲೆಕ್ಕಕ್ಕೆ ಅಳವಡಿಸಿ, ವಿಮಾನದ ಭಾಗಗಳನ್ನೂ ಯಂತ್ರಾಂಗಗಳನ್ನೂ, ಕೆಟ್ಟ ಎಲುಬಿನ ಸ್ಥಾನದಲ್ಲಿ ಇಡತಕ್ಕ ಲೋಹದ ಅಂಗಗಳನ್ನೂ ರಚಿಸುವ ವಿದ್ಯೆಯೊಂದು ಕಳೆದ ನಾಲ್ಕು ದಶಕಗಳಲ್ಲಿ ಬೆಳೆದುಬಂದಿದೆ. ಅದರ ತತ್ತ್ವವೇನು, ಲಾಭವೆಲ್ಲಿ, ಮಿತಿಯೆಲ್ಲಿ ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಸುಷಿರವೆಂಬ ಮಾತು

ವಿಷಯಪ್ರವೇಶಕ್ಕೆ ಮುನ್ನ ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳುವುದು ಯುಕ್ತ. ಟೊಳ್ಳು ಎಂಬ ಮಾತಿಗೆ ನಿಂದೆಯ ವಾಸನೆ ಅಂಟಿರುವುದರಿಂದ ಅದು ಶಾಸ್ತ್ರಕ್ಕೆ ಒದಗಲಾರದು. ಸಂಸ್ಕೃತದಲ್ಲಿ ಸುಷಿರ ಎಂಬ ಶಬ್ದವಿದೆ. ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಭಾಗಿಸಿದೆ. ಕೊಳಲು ಸುಷಿರ, ತಾಳ ಘನ. ಇಲ್ಲಿ ಸುಷಿರತ್ವವು ದೋಷವಲ್ಲ. ಕೊಳಲಿನ ಕೊಳಲುತನವೇ ಅದು. ರಂಧ್ರವಿರುವುದಷ್ಟೇ ಅಲ್ಲ, ರಂಧ್ರವು ಇರಬೇಕಾದೆಡೆಯಲ್ಲಿ ಇರಬೇಕಾದಷ್ಟು ಇರುವುದು ಎಂಬ ಅರ್ಥಚ್ಛಾಯೆ ಈ ಮಾತಿನಿಂದ ಹೊರಡುವುದು.

ವೈದ್ಯಶಾಸ್ತ್ರದಲ್ಲಿಯೂ ಈ ಶಬ್ದವುಂಟು. ಧಾತುಗಳ ಉತ್ಪತ್ತಿಕ್ರಮವನ್ನು ಹೇಳುವಾಗ ಚರಕಸಂಹಿತೆಯ ಚಿಕಿತ್ಸಾಸ್ಥಾನವು, ವಾಯುವು ಎಲುಬುಗಳ ನಡುವೆ ಸೌಷಿರ್ಯವನ್ನುಂಟುಮಾಡುವುದೆಂದೂ, ಅಲ್ಲಿ ತುಂಬಿದ ಸ್ನೇಹವೇ ಮಜ್ಜೆಯೆಂದೂ ತಿಳಿಸುವುದು. ಸುಶ್ರುತನು ಎಲುಬುಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದು ಬಗೆಯಾಗಿ ಎಣಿಸಿ, ಮರಗಳು ತಮ್ಮ ಒಳಗಿನ ಸಾರದಿಂದ ನಿಲ್ಲುವಂತೆ ದೇಹಗಳು ಅಸ್ಥಿಸಾರದಿಂದ ನಿಲ್ಲುವುವೆಂದು ಹೋಲಿಸಿರುವನು. ದೊಡ್ಡ ಎಲುಬುಗಳಲ್ಲಿ ಮಜ್ಜೆ ವಿಶೇಷವಾಗಿರುವುದೆಂಬುದನ್ನೂ ಅವನು ಬಲ್ಲನು. ವಾಗ್ಭಟನ ಅಷ್ಟಾಂಗಹೃದಯದಲ್ಲಿಯಾದರೋ, ಮಜ್ಜೆಯು ಕ್ಷೀಣಿಸಿದಾಗ ಎಲುಬಿನಲ್ಲಿ ಸೌಷಿರ್ಯವುಂಟಾಗುವುದೆಂದು ಅದನ್ನು ರೋಗಲಕ್ಷಣವಾಗಿ ಹೇಳಿದೆ. ಒಂದೇ ಶಬ್ದವು ಒಂದೆಡೆ ಸಹಜರಚನೆಗೂ ಇನ್ನೊಂದೆಡೆ ಕ್ಷಯಕ್ಕೂ ಸಲ್ಲುವುದು ಗಮನಾರ್ಹವಾಗಿದೆ. ಸೌಷಿರ್ಯವು ಸ್ವತಃ ಗುಣವೂ ಅಲ್ಲ, ದೋಷವೂ ಅಲ್ಲ. ಪ್ರಮಾಣವೂ ಸ್ಥಾನವೂ ಅದನ್ನು ಗುಣವನ್ನಾಗಿಯೋ ದೋಷವನ್ನಾಗಿಯೋ ಮಾಡುವುವು.

ಇಷ್ಟರಿಂದಲೇ ಪ್ರಾಚೀನರು ಇಂದಿನ ಯಂತ್ರಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಸರಿಯಲ್ಲ. ಆ ಗ್ರಂಥಗಳಿಂದ ದೊರೆಯುವುದು ಸೂಕ್ಷ್ಮವಾದ ನೋಟ ಮತ್ತು ಬಳಕೆಗೆ ಯೋಗ್ಯವಾದ ಮಾತು. ಹೊರೆಗೂ ರಚನೆಗೂ ಇರುವ ಸಂಬಂಧದ ಲೆಕ್ಕವಲ್ಲ. ಆ ಲೆಕ್ಕವು ಹುಟ್ಟಿದುದು ಯೂರೋಪಿನಲ್ಲಿ.

೨. ತೊಡೆಯೆಲುಬೂ ಭಾರವೆತ್ತುವ ಯಂತ್ರವೂ

೧೬೩೮ರಲ್ಲಿ ಲೈಡನ್ ನಗರದಲ್ಲಿ ಪ್ರಕಟವಾದ, ಎರಡು ನೂತನ ವಿಜ್ಞಾನಗಳನ್ನು ಕುರಿತ ತನ್ನ ಸಂವಾದಗ್ರಂಥದಲ್ಲಿ ಗೆಲಿಲಿಯೋ ಹಕ್ಕಿಯ ಎಲುಬನ್ನೂ ಜೊಂಡನ್ನೂ ಗೋದಿಯ ಕಡ್ಡಿಯನ್ನೂ ಉದಾಹರಿಸಿದನು. ತನಗಿಂತಲೂ ಭಾರವಾದ ತೆನೆಯನ್ನು ಹೊರುವ ಆ ಕಡ್ಡಿಯು, ಅಷ್ಟೇ ದ್ರವ್ಯದಿಂದ ಒಳಗೆ ಗಟ್ಟಿಯಾಗಿ ರಚಿತವಾಗಿದ್ದರೆ, ಬಾಗುವಿಕೆಯನ್ನು ಅಷ್ಟಾಗಿ ತಡೆಯಲಾರದೆಂಬುದು ಅವನ ವಾದ. ಕಾರಣವು ಸ್ಪಷ್ಟ. ದಂಟು ಬಾಗಿದಾಗ ಒಂದು ಮಗ್ಗುಲು ಹಿಗ್ಗಲೆಳಸುವುದು, ಎದುರು ಮಗ್ಗುಲು ಕುಗ್ಗಲೆಳಸುವುದು. ನಡುವಿನ ಭಾಗವು ಹೆಚ್ಚೇನನ್ನೂ ಅನುಭವಿಸದು. ಅನುಭವವಿಲ್ಲದೆಡೆಯಲ್ಲಿ ದ್ರವ್ಯವನ್ನಿಡುವುದು ವ್ಯರ್ಥ. ಅದನ್ನೇ ಹೊರಮೈಗೆ ಸಾಗಿಸಿದರೆ ಸಾರ್ಥಕ.

ಎಲುಬಿನ ಒಳಜಾಲದ ಅರ್ಥವು ತಿಳಿಯಲು ಇನ್ನೂ ಎರಡು ಶತಮಾನಗಳು ಬೇಕಾದುವು. ಜ್ಯೂರಿಕ್ ನಗರದ ಅಂಗರಚನಾಶಾಸ್ತ್ರಜ್ಞ ಹೆರ್ಮನ್ ಫಾನ್ ಮೈಯರ್ ತೊಡೆಯೆಲುಬಿನ ಮೇಲ್ತುದಿಯನ್ನು ಉದ್ದಕ್ಕೆ ಸೀಳಿ, ಅದರೊಳಗಿನ ಎಳೆಗಳು ಅಡ್ಡಾದಿಡ್ಡಿಯಾಗಿರದೆ ಕಮಾನುಗಳಂತೆ ಕ್ರಮವಾಗಿ ಹಾಯುವುದನ್ನು ಗುರುತಿಸಿದ್ದನು. ೧೮೬೬ರಲ್ಲಿ ಅದನ್ನು ಕಂಡ ಅದೇ ನಗರದ ಯಂತ್ರಶಾಸ್ತ್ರಜ್ಞ ಕಾರ್ಲ್ ಕುಲ್ಮಾನನಿಗೆ, ಕ್ರೇನ್ ಎಂಬ ಭಾರವೆತ್ತುವ ಯಂತ್ರದ ಬಾಗಿದ ತೋಳಿಗಾಗಿ ತಾನು ಬರೆಯುತ್ತಿದ್ದ ರೇಖೆಗಳ ನೆನಪಾಯಿತು. ಹೊರೆಯಿಂದ ವಸ್ತುವಿನ ಒಳಗೆ ಹುಟ್ಟುವ ಒತ್ತು ಎಳೆತಗಳಿಗೆ ಪೀಡನವೆಂದು ಹೆಸರು. ಅತ್ಯಧಿಕವಾದ ಒತ್ತು ಯಾವ ದಿಕ್ಕಿನಲ್ಲಿ ಹರಿಯುವುದು, ಅತ್ಯಧಿಕವಾದ ಎಳೆತ ಯಾವ ದಿಕ್ಕಿನಲ್ಲಿ ಹರಿಯುವುದು ಎಂಬುದನ್ನು ರೇಖೆಗಳಿಂದ ತೋರಿಸಬಹುದು. ಅವು ಒಂದನ್ನೊಂದು ಲಂಬವಾಗಿ ಛೇದಿಸುವುವು. ಎಲುಬಿನ ಎಳೆಗಳೂ ಆ ಪೀಡನರೇಖೆಗಳೂ ಹೋಲುತ್ತಿದ್ದುವು. ಮೈಯರನು ೧೮೬೭ರಲ್ಲಿ ಇದನ್ನು ಪ್ರಕಟಿಸಿದನು. ಆ ಎಳೆಗಳಿಗೆ ಲ್ಯಾಟಿನ್ ಭಾಷೆಯಲ್ಲಿರುವ ಟ್ರಬೆಕ್ಯುಲ ಎಂಬ ಹೆಸರಿಗೆ ಕಿರುತೊಲೆ ಎಂಬುದೇ ಅರ್ಥ; ಹೆಸರಿಟ್ಟವರ ಮಾತು ಅನ್ವರ್ಥವಾಯಿತು.

ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫನು ಮುರಿದು ವಕ್ರವಾಗಿ ಕೂಡಿಕೊಂಡ ಎಲುಬುಗಳನ್ನು ಪರೀಕ್ಷಿಸಿ, ಹೊರೆಯ ದಿಕ್ಕು ಬದಲಾದಾಗ ಕಿರುತೊಲೆಗಳ ದಿಕ್ಕೂ ಬದಲಾಗುವುದೆಂದು ಕಂಡನು. ೧೮೯೨ರಲ್ಲಿ ಅವನು ಎಲುಬಿನ ರೂಪಾಂತರದ ನಿಯಮವನ್ನು ಕುರಿತು ಗ್ರಂಥವನ್ನೇ ಬರೆದನು. ಇವನ ನಿಯಮವನ್ನು ಅಕ್ಷರಶಃ ಒಪ್ಪಲು ಅಡ್ಡಿಯುಂಟು. ಕುಲ್ಮಾನನ ರೇಖೆಗಳು ಒಳಗೆ ಎಡೆಬಿಡದೆ ತುಂಬಿದ ವಸ್ತುವಿಗೆ ಸಂಬಂಧಿಸಿದುವು, ಎಲುಬು ಅಂಥದಲ್ಲ. ಕಿರುತೊಲೆಗಳು ಎಲ್ಲೆಡೆಯೂ ಲಂಬವಾಗಿ ಛೇದಿಸುವುದೂ ಇಲ್ಲ. ಆದರೂ ಹೊರೆಯು ರಚನೆಯನ್ನು ತಿದ್ದುವುದೆಂಬ ಮುಖ್ಯಾಂಶವು ಉಳಿದುಬಂದಿದೆ. ಈ ತಿದ್ದುಪಡಿಯು ಮೇಲಿನಿಂದ ಬಂದ ಆಜ್ಞೆಯಿಂದಲ್ಲ, ಆಯಾ ಸ್ಥಳದ ಅಂಶಗಳೇ ತಮಗೆ ತಟ್ಟಿದ ಪ್ರೇರಣೆಗೆ ಅನುಗುಣವಾಗಿ ನಡೆಸುವ ವ್ಯಾಪಾರವೆಂದು ವಿಲ್ಹೆಲ್ಮ್ ರೂ ಎಂಬ ಜರ್ಮನ್ ಪಂಡಿತನು ೧೮೮೧ರಲ್ಲಿಯೇ ಸೂಚಿಸಿದ್ದನು. ಗಣಕಯಂತ್ರದ ವಿದ್ಯೆಗೆ ಬೀಜಪ್ರಾಯವಾದುದು ಈ ಸೂಚನೆಯೇ.

೩. ಎಲುಬಿನ ಆಯವ್ಯಯ

ಎಲುಬು ಕಲ್ಲಿನಂತೆ ಜಡವೆಂದು ತೋರುವುದಾದರೂ ಅದರಲ್ಲಿ ಕೂಡುವುದೂ ಕಳೆಯುವುದೂ ಎಡೆಬಿಡದೆ ನಡೆದಿರುವುವು. ಎಲುಬಿನೊಳಗೆ ಹುದುಗಿರುವ ಅಸ್ಥಿಕೋಶಗಳು ತಮ್ಮ ಸುತ್ತಲಿನ ಒತ್ತಡವನ್ನು ಗ್ರಹಿಸುವುವು. ಅಸ್ಥಿಭಕ್ಷಕಗಳೆನ್ನಬಹುದಾದ ಕೋಶಗಳು ಹಳೆಯ ಎಲುಬನ್ನು ಕರಗಿಸುವುವು. ಅಸ್ಥಿಕಾರಕಗಳೆನ್ನಬಹುದಾದ ಕೋಶಗಳು ಹೊಸತನ್ನು ಕಟ್ಟುವುವು. ವಯಸ್ಕನ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದು ಭಾಗವು ಹೀಗೆ ಹೊಸದಾಗುವುದೆಂದು ಎಣಿಸಲಾಗಿದೆ. ಹೆಚ್ಚು ಒತ್ತಡ ಬಿದ್ದೆಡೆಯಲ್ಲಿ ಕಟ್ಟುವಿಕೆ ಮೇಲಾಗುವುದು. ಒತ್ತಡವಿಲ್ಲದೆಡೆಯಲ್ಲಿ ಕರಗುವಿಕೆ ಮೇಲಾಗುವುದು. ಟೆನಿಸ್ ಆಟಗಾರರ ಆಡುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪವಾಗಿರುವುದೂ, ತೂಕವೇ ತೋರದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇರುವವರ ಸೊಂಟದೆಡೆಯ ಎಲುಬಿನ ಸಾಂದ್ರತೆ ತಿಂಗಳಿಗೆ ಶೇಕಡ ೧ರಿಂದ ೧.೫ರಷ್ಟು ಕುಗ್ಗುವುದೂ ಇದಕ್ಕೆ ಪ್ರಸಿದ್ಧ ನಿದರ್ಶನಗಳು.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಯಾವ ಕೋಶಕ್ಕೂ ಇಡಿಯ ತೊಡೆಯೆಲುಬಿನ ನಕ್ಷೆ ತಿಳಿಯದು. ದೇಹದ ತೂಕವೆಷ್ಟೆಂಬುದೂ ತಿಳಿಯದು. ತನ್ನ ನೆರೆಯಲ್ಲಿ ಒತ್ತಡವು ಮಿತಿಮೀರಿತೇ, ಇಲ್ಲವೇ ಎಂಬಷ್ಟು ಮಾತ್ರ ಅದರ ಜ್ಞಾನ. ಹಾಗಿದ್ದರೂ ಒಟ್ಟಿನಲ್ಲಿ ಯಂತ್ರಶಾಸ್ತ್ರಜ್ಞನು ಮೆಚ್ಚುವ ರಚನೆ ಸಿದ್ಧವಾಗುವುದು. ೨೦೦೦ದಲ್ಲಿ ರಿಕ್ ಹಾಯ್ಸ್‌ಕೆಸ್ ಎಂಬ ಡಚ್ ವಿಜ್ಞಾನಿಯೂ ಅವರ ಸಂಗಡಿಗರೂ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಒಂದು ಸ್ಥಳೀಯ ನಿಯಮವನ್ನು ಮಾತ್ರ ಗಣಕಯಂತ್ರಕ್ಕೆ ಕೊಟ್ಟರೂ ಹೊರೆಯ ದಿಕ್ಕನ್ನನುಸರಿಸುವ ಕಿರುತೊಲೆಗಳ ಜಾಲವು ತಾನಾಗಿ ಮೂಡುವುದೆಂದೂ, ಹೊರೆಯನ್ನು ಬದಲಿಸಿದರೆ ಜಾಲವು ಅದಕ್ಕೆ ಹೊಂದಿಕೊಳ್ಳುವುದೆಂದೂ ತೋರಿಸಿದರು.

೪. ಗಣಕಯಂತ್ರದ ಪರಿಶೇಷನ್ಯಾಯ

ಇನ್ನು ಯಂತ್ರಶಾಸ್ತ್ರದ ಕಡೆಗೆ ಬರಬಹುದು. ಗೊತ್ತಾದ ಹೊರೆಯನ್ನು ಅತ್ಯಲ್ಪ ದ್ರವ್ಯದಿಂದ ಹೊರುವ ಚೌಕಟ್ಟು ಯಾವುದೆಂಬ ಪ್ರಶ್ನೆಗೆ ಮೆಲ್ಬರ್ನ್ ನಗರದ ಎ. ಜಿ. ಎಂ. ಮಿಷೆಲ್ ೧೯೦೪ರಲ್ಲಿ ಗಣಿತದಿಂದ ಉತ್ತರ ಕೊಟ್ಟನು. ಅವನ ಚೌಕಟ್ಟುಗಳಲ್ಲಿಯೂ ಎಳೆಯುವ ಕಡ್ಡಿಗಳೂ ಒತ್ತುವ ಕಡ್ಡಿಗಳೂ ಲಂಬವಾಗಿಯೇ ಸಂಧಿಸುವುವು. ಆದರೆ ಕೈಲೆಕ್ಕದಿಂದ ಬಿಡಿಸಬಲ್ಲ ಉದಾಹರಣೆಗಳು ಕೆಲವೇ ಆಗಿದ್ದುವು. ಡೆನ್ಮಾರ್ಕಿನ ಮಾರ್ಟಿನ್ ಬೆಂಡ್ಸೋ ಮತ್ತು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ನೊಬೊರು ಕಿಕುಚಿ ಎಂಬಿಬ್ಬರು ೧೯೮೮ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿದ್ಯೆಗೆ ಹೊಸ ದಾರಿ ತೆರೆಯಿತು.

ಅವರ ದಾರಿಯ ಸಾರವಿಷ್ಟು. ಅಂಗವು ಇರಬೇಕಾದ ಎಡೆಯನ್ನೆಲ್ಲ ಸಣ್ಣ ಕಣಗಳಾಗಿ ವಿಭಾಗಿಸುವುದು. ಪ್ರತಿಯೊಂದು ಕಣದಲ್ಲಿಯೂ ದ್ರವ್ಯವೆಷ್ಟು ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಿಂದ ಗುರುತಿಸುವುದು. ಸೊನ್ನೆಯೆಂದರೆ ಬರಿದು, ಒಂದೆಂದರೆ ಘನ. ಒಟ್ಟು ದ್ರವ್ಯಕ್ಕೆ ಮಿತಿಯಿಡುವುದು. ಬಳಿಕ ಹೊರೆಯನ್ನಿಟ್ಟು, ಯಾವ ಕಣವು ಎಷ್ಟು ಶ್ರಮಿಸುತ್ತಿದೆ ಎಂಬುದನ್ನು ಲೆಕ್ಕಹಾಕುವುದು. ಹೆಚ್ಚು ಶ್ರಮಿಸುವ ಕಣಕ್ಕೆ ದ್ರವ್ಯವನ್ನು ಕೂಡಿಸಿ, ಸುಮ್ಮನಿರುವ ಕಣದಿಂದ ಕಳೆದು, ಮತ್ತೆ ಲೆಕ್ಕಹಾಕುವುದು. ಹೀಗೆ ಹಲವು ನೂರು ಆವೃತ್ತಿಗಳಾದಾಗ ಬದಲಾವಣೆ ನಿಲ್ಲುವುದು. ಆಗ ಉಳಿದುದೇ ಇಷ್ಟತಮ ರಚನೆ. ಅಸ್ಥಿಭಕ್ಷಕ, ಅಸ್ಥಿಕಾರಕಗಳ ಆಯವ್ಯಯವೇ ಇಲ್ಲಿ ಅಂಕಗಳ ರೂಪದಿಂದ ನಡೆಯುವುದೆಂಬುದು ಸುವ್ಯಕ್ತ. ೧೯೯೩ರಲ್ಲಿ ಆಸ್ಟ್ರೇಲಿಯದ ಷೀ ಮತ್ತು ಸ್ಟೀವನ್ ಎಂಬವರು, ಅತ್ಯಲ್ಪವಾಗಿ ದುಡಿಯುವ ದ್ರವ್ಯವನ್ನು ಮೆಲ್ಲಮೆಲ್ಲನೆ ತೆಗೆಯುತ್ತ ಹೋಗುವ ಇನ್ನೂ ಸರಳವಾದ ಕ್ರಮವನ್ನು ಹೇಳಿದರು. ಪ್ರಸಕ್ತವಾದುವುಗಳನ್ನೆಲ್ಲ ಒಂದೊಂದಾಗಿ ನಿಷೇಧಿಸಿ ಉಳಿದುದನ್ನು ಗ್ರಹಿಸುವ ಕ್ರಮಕ್ಕೆ ನೈಯಾಯಿಕರು ಪರಿಶೇಷವೆಂದು ಹೆಸರಿಟ್ಟಿರುವರು. ಈ ಗಣನೆಗೆ ಪರಿಶೇಷನ್ಯಾಯವೆಂಬುದು ಒಪ್ಪುವ ಹೆಸರು.

ಆದರೆ ಅರ್ಧ ದ್ರವ್ಯವುಳ್ಳ ಕಣವೆಂದರೇನು? ೧೯೮೮ರ ಲೇಖನದಲ್ಲಿ ಅದು ಸೂಕ್ಷ್ಮರಂಧ್ರಗಳಿಂದ ಕೂಡಿದ ಸುಷಿರದ್ರವ್ಯವಾಗಿತ್ತು. ಮುಂದಿನ ವರ್ಷ ಬೆಂಡ್ಸೋ ಸೂಚಿಸಿದ, ಇಂದಿಗೂ ಬಹುಪ್ರಚಾರದಲ್ಲಿರುವ ಕ್ರಮದಲ್ಲಿ, ಅರ್ಧಕ್ಕೆ ದಂಡ ವಿಧಿಸಲಾಗುವುದು. ಕಣದ ದಾರ್ಢ್ಯವು, ಎಂದರೆ ರೂಪ ಕೆಡದಂತೆ ತಡೆಯುವ ಶಕ್ತಿಯು, ದ್ರವ್ಯಪ್ರಮಾಣದ ಘನವನ್ನು ಅನುಸರಿಸುವುದೆಂದು ಸಾಮಾನ್ಯವಾಗಿ ಇಟ್ಟುಕೊಳ್ಳುವರು. ದ್ರವ್ಯವು ಅರ್ಧವಾದರೆ ದಾರ್ಢ್ಯವು ಎಂಟರಲ್ಲೊಂದು ಪಾಲು ಮಾತ್ರ. ಅರ್ಧದ ಬೆಲೆ ಕೊಟ್ಟು ಎಂಟರಲ್ಲೊಂದನ್ನು ಕೊಳ್ಳುವುದು ನಷ್ಟವಾದುದರಿಂದ, ಲೆಕ್ಕವು ಕಣಗಳನ್ನು ಪೂರ್ಣ ಘನದ ಕಡೆಗೋ ಪೂರ್ಣ ಶೂನ್ಯದ ಕಡೆಗೋ ತಳ್ಳುವುದು. ಫಲವಾಗಿ ದೊರೆಯುವುದು ಕೆಲವೇ ದಪ್ಪ ತೋಳುಗಳುಳ್ಳ ಚೌಕಟ್ಟು. ೨೦೧೭ರಲ್ಲಿ ಡೆನ್ಮಾರ್ಕಿನ ನೀಲ್ಸ್ ಆಗೆ ಮತ್ತು ಸಂಗಡಿಗರು ವಿಮಾನದ ರೆಕ್ಕೆಯೊಂದನ್ನು ನೂರು ಕೋಟಿಗೂ ಮೇಲ್ಪಟ್ಟ ಕಣಗಳಾಗಿ ವಿಭಾಗಿಸಿ ಲೆಕ್ಕಹಾಕಿದಾಗ, ಒಳಗೆ ಮೂಡಿದ ರಚನೆಯು ಹಕ್ಕಿಯ ಕೊಕ್ಕಿನೊಳಗಿನ ಎಲುಬನ್ನು ಹೋಲುತ್ತಿತ್ತು. ಹಾಗಾಗುವಂತೆ ಅವರು ಲೆಕ್ಕಕ್ಕೆ ಹೇಳಿರಲಿಲ್ಲ.

ಶಾಸ್ತ್ರಕಾರರು ಲಾಘವ, ಗೌರವ ಎಂಬೆರಡು ಮಾತುಗಳನ್ನು ಬಳಸುವರು. ಅಲ್ಪದಿಂದ ಸಾಧಿಸುವುದು ಲಾಘವ, ಅನಾವಶ್ಯಕವಾಗಿ ಬೆಳೆಸುವುದು ಗೌರವ. ಅರ್ಧಮಾತ್ರೆಯ ಉಳಿತಾಯಕ್ಕೂ ವೈಯಾಕರಣರು ಹಿಗ್ಗುವರೆಂಬುದು ಲೋಕಪ್ರಸಿದ್ಧ. ಈ ಯಂತ್ರಶಾಸ್ತ್ರದಲ್ಲಿ ಲಾಘವವು ಉಭಯಾರ್ಥದಲ್ಲಿಯೂ ಸಲ್ಲುವುದು. ದ್ರವ್ಯವೂ ಅಲ್ಪ, ತೂಕವೂ ಲಘು.

೫. ಹೇಳದೆ ಬಂದ ಹೊರೆ

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಕೆಲವೇ ದಪ್ಪ ತೋಳುಗಳು ಇಷ್ಟತಮವಾದರೆ, ಎಲುಬೇಕೆ ಸಾವಿರಾರು ಕಿರುತೊಲೆಗಳ ಜಾಲವನ್ನು ಕಟ್ಟಿಕೊಂಡಿದೆ? ಸುಷಿರತ್ವದಿಂದ ಬರುವ ಲಾಭವೇನು?

ಮೊದಲನೆಯ ಉತ್ತರವು ಬಾಗುವಿಕೆಗೆ ಸಂಬಂಧಿಸಿದುದು. ತೆರೆದ ರಂಧ್ರಗಳುಳ್ಳ ಸುಷಿರದ್ರವ್ಯದ ದಾರ್ಢ್ಯವು ಸಾಂದ್ರತೆಯ ವರ್ಗವನ್ನು ಅನುಸರಿಸುವುದೆಂದು ಗಿಬ್ಸನ್ ಮತ್ತು ಆಷ್ಬಿ ಎಂಬ ವಿದ್ವಾಂಸರು ನಿರೂಪಿಸಿರುವರು. ಸಾಂದ್ರತೆ ಅರ್ಧವಾದರೆ ದಾರ್ಢ್ಯವು ಕಾಲುಭಾಗ. ಮೇಲುನೋಟಕ್ಕೆ ಇದು ನಷ್ಟವೇ. ಆದರೆ ಹಲಗೆಯು ಬಾಗುವಿಕೆಯನ್ನು ತಡೆಯುವ ಶಕ್ತಿಯು ಅದರ ದಪ್ಪದ ಘನವನ್ನು ಅನುಸರಿಸುವುದು. ತೂಕವನ್ನು ಬದಲಿಸದೆ, ಅರ್ಧ ಸಾಂದ್ರತೆಯ ದ್ರವ್ಯದಿಂದ ಇಮ್ಮಡಿ ದಪ್ಪದ ಹಲಗೆಯನ್ನು ಮಾಡಿದರೆ, ದಪ್ಪದಿಂದ ಎಂಟುಮಡಿ ಲಾಭ, ದ್ರವ್ಯದಿಂದ ನಾಲ್ಕರಲ್ಲೊಂದಕ್ಕೆ ಇಳಿತ. ಒಟ್ಟಿನಲ್ಲಿ ಇಮ್ಮಡಿ ಲಾಭ. ಖಜೂರಿಯ ಜೋಳದ ದಂಟಿನ ಬೆಂಡು ಸಿಪ್ಪೆಯನ್ನು ದೂರದೂರವಾಗಿ ಹಿಡಿದು, ಅದು ಒಳಕ್ಕೆ ಕುಸಿಯದಂತೆ ಕಾಯುವುದು ಈ ಲೆಕ್ಕದ ಪ್ರಕಾರವೇ.

ಎರಡನೆಯ ಉತ್ತರವು ಇನ್ನೂ ಮುಖ್ಯವಾದುದು. ಅದನ್ನು ತಿಳಿಯಲು ಖಜೂರಿಯ ನೆರ್ವೆಳಗಿನ ಒಂದು ಘೋರ ಪ್ರಸಂಗವನ್ನು ನೆನೆಯಬೇಕು. ೧೯೯೩ನೆಯ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ಗಡಿಯಾಚೆ ಬಹು ದೂರವಲ್ಲದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಿನಲ್ಲಿ ಭೂಮಿ ನಡುಗಿತು. ಸುಮಾರು ೧೦,೦೦೦ ಜನ ಮಡಿದರು. ಕಂಪದ ಪರಿಮಾಣವು ೬.೨ರಷ್ಟು, ಅಷ್ಟು ಪ್ರಾಣಹಾನಿಗೆ ಮನೆಗಳ ರಚನೆಯೇ ಮುಖ್ಯಕಾರಣವಾಯಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಮರದ ತೊಲೆ ಹಲಗೆಗಳು, ಅವುಗಳ ಮೇಲೆ ಮೊಳದಷ್ಟು ದಪ್ಪದ ಮಣ್ಣು. ಬೇಸಗೆಯ ಉರಿಯನ್ನು ತಡೆಯಲು ಆ ಮಾಳಿಗೆಯು ಯೋಗ್ಯವಾದುದೇ. ಆದರೆ ಸೋರದಿರಲೆಂದು ಮಳೆಗಾಲಕ್ಕೆ ಮುನ್ನ ಹೊಸ ಮಣ್ಣನ್ನು ಹರಹುವ ರೂಢಿಯಿಂದ ತಲೆಯ ಮೇಲಿನ ಭಾರವು ವರ್ಷವರ್ಷಕ್ಕೂ ಬೆಳೆಯುವುದು. ಎಲುಬು ಕೂಡುವುದನ್ನೂ ಕಳೆಯುವುದನ್ನೂ ಬಲ್ಲದು. ಮಾಳಿಗೆಯು ಕೂಡುವುದನ್ನು ಮಾತ್ರ ಬಲ್ಲದು. ಗೋಡೆಯಾದರೋ ಎರಡು ಮೈಗಳಾಗಿ ಕಟ್ಟಿ ನಡುವೆ ಚೂರುಕಲ್ಲು ಮಣ್ಣು ತುಂಬಿದ್ದು. ಮೇಲಿನಿಂದ ಬೀಳುವ ಭಾರಕ್ಕೆ ಅದು ತಲೆಮಾರುಗಳ ಕಾಲ ನಿಂತಿತು. ಅಡ್ಡಲಾಗಿ ಅಲುಗಿಸುವ ಹೊರೆ ಬಂದಾಗ ಎರಡು ಮೈಗಳೂ ಬೇರ್ಪಟ್ಟು ಕುಸಿದುವು; ಹಗುರವಾದ ಗುಡಿಸಲುಗಳು ಅನೇಕವು ಉಳಿದುವು. ಅದಕ್ಕೂ ಮುಖ್ಯವಾದುದೆಂದರೆ, ಅಂಥ ಹೊರೆ ಬರುವುದೆಂದು ಯಾರೂ ಎಣಿಸಿರಲಿಲ್ಲ. ಆಗಿನ ಭೂಕಂಪವಲಯಗಳ ನಕ್ಷೆಯಲ್ಲಿ ಆ ಪ್ರದೇಶವು ಅತ್ಯಲ್ಪ ಅಪಾಯದ ಒಂದನೆಯ ವಲಯಕ್ಕೆ ಸೇರಿತ್ತು. ೨೦೦೨ರ ಪರಿಷ್ಕರಣದಲ್ಲಿ ಆ ವಲಯವನ್ನೇ ತೆಗೆದುಹಾಕಲಾಯಿತು.

ಇದರಿಂದ ಎರಡು ಪಾಠಗಳು ಲಭಿಸುವುವು. ದ್ರವ್ಯವು ಹೆಚ್ಚಿದಷ್ಟೂ ಬಲವು ಹೆಚ್ಚುವುದೆಂಬುದು ಭ್ರಾಂತಿ. ಗೋಡೆಯ ಎರಡು ಮೈಗಳನ್ನೂ ಹಿಡಿದು ಹಾಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡುವುದು ಭೂಕಂಪನಿರೋಧಕ ನಿರ್ಮಾಣದ ವಿಧಿಗಳಲ್ಲೊಂದು. ಕೆಲವೇ ಕಲ್ಲುಗಳು ತಕ್ಕ ಸ್ಥಾನದಲ್ಲಿದ್ದರೆ, ಬಂಡಿಗಟ್ಟಲೆ ಮಣ್ಣು ಮಾಡಲಾರದ ಕೆಲಸವನ್ನು ಮಾಡುವುವು. ಎರಡನೆಯ ಪಾಠವು ಗಣಿತಕ್ಕೇ ಅನ್ವಯಿಸುವುದು. ಇಷ್ಟತಮ ರಚನೆಯೆಂಬುದು ಹೇಳಿಟ್ಟ ಹೊರೆಗೆ ಮಾತ್ರ ಇಷ್ಟತಮ. ಹೇಳದ ಹೊರೆ ಬಂದರೆ, ಅದಕ್ಕೆ ಅಲ್ಲಿ ಎಡೆಯೇ ಇರದು. ದ್ರವ್ಯವನ್ನು ಲೇಶವೂ ಉಳಿಸದಂತೆ ಉಪಯೋಗಿಸಿದಷ್ಟೂ ಈ ಅಪಾಯವು ಹೆಚ್ಚು.

ಈ ಕೊರತೆಗೆ ಪರಿಹಾರವನ್ನು ಎಲುಬಿನಿಂದಲೇ ಕಲಿತುದು ೨೦೧೮ರಲ್ಲಿ ಪ್ರಕಟವಾದ ಜುನ್ ವು, ನೀಲ್ಸ್ ಆಗೆ, ರುಡಿಗರ್ ವೆಸ್ಟರ್‌ಮನ್, ಓಲೆ ಸಿಗ್ಮುಂಡ್ ಎಂಬವರ ಸಂಶೋಧನೆ. ಒಟ್ಟು ದ್ರವ್ಯಕ್ಕೆ ಮಾತ್ರ ಮಿತಿಯಿಡುವ ಬದಲು, ಪ್ರತಿಯೊಂದು ಬಿಂದುವಿನ ನೆರೆಯಲ್ಲಿಯೂ ದ್ರವ್ಯವು ಇಂತಿಷ್ಟನ್ನು ಮೀರಬಾರದೆಂಬ ಕಟ್ಟಳೆಯನ್ನು ಅವರು ಲೆಕ್ಕಕ್ಕೆ ಸೇರಿಸಿದರು. ಆಗ ದ್ರವ್ಯವು ಒಂದೆಡೆ ಗುಂಪುಗೂಡಲಾರದೆ ಹರಡಿಕೊಂಡು, ಹೊರೆಯ ದಿಕ್ಕನ್ನು ಅನುಸರಿಸುವ ಕಿರುತೊಲೆಗಳ ಜಾಲವಾಯಿತು; ನೋಟಕ್ಕೆ ಸೀಳಿದ ತೊಡೆಯೆಲುಬೇ. ಮೊದಲು ಹೇಳಿದ ಹೊರೆಗೆ ಈ ಜಾಲವು ದಪ್ಪ ತೋಳುಗಳ ಚೌಕಟ್ಟಿನಷ್ಟು ದೃಢವಲ್ಲ. ಆದರೆ ಹೊರೆಯು ಬದಲಾದಾಗ, ಅಥವಾ ಒಂದು ಭಾಗವು ಮುರಿದಾಗ, ಇದು ಅದಕ್ಕಿಂತ ಮೇಲಾಗಿ ನಿಲ್ಲುವುದು. ಒಂದು ಕಿರುತೊಲೆ ಹೋದರೆ ನೆರೆಯ ಹತ್ತು ಅದರ ಹೊರೆಯನ್ನು ಹಂಚಿಕೊಳ್ಳುವುವು.

ಸಾಹಿತ್ಯಜ್ಞರಿಗೆ ಇದರ ಮರ್ಮವು ದುರ್ಗ್ರಾಹ್ಯವಲ್ಲ. ಸೂತ್ರವು ಲಾಘವದ ಪರಾಕಾಷ್ಠೆ. ಆದರೆ ಸೂತ್ರದಲ್ಲಿ ಒಂದಕ್ಷರ ಲುಪ್ತವಾದರೂ ಅರ್ಥವೇ ಕೆಡುವುದು. ವೇದವನ್ನು ರಕ್ಷಿಸಿದವರಾದರೋ ಲಾಘವವನ್ನು ಬಿಟ್ಟು ಪದ, ಕ್ರಮ, ಜಟಾ, ಘನ ಎಂಬ ಪಾಠಗಳಲ್ಲಿ ಒಂದೇ ಪದವನ್ನು ಹಲವು ಸಲ, ಹಿಂದುಮುಂದಾಗಿಯೂ ಹೇಳಿಕೊಂಡರು. ಒಬ್ಬನ ನಾಲಗೆ ತಪ್ಪಿದರೆ ಮತ್ತೊಂದು ಪಾಠವು ಅದನ್ನು ತೋರಿಸಿಕೊಡುವುದು. ಲಾಘವವು ಅರಿತ ಪ್ರಯೋಜನಕ್ಕೆ. ಆವೃತ್ತಿಯು ಅರಿಯದ ಆಪತ್ತಿಗೆ. ಎಲುಬಿನಲ್ಲಿ ಈ ಎರಡೂ ಒಂದು ಅಳತೆಗೆ ಬಂದು ನಿಂತಿವೆ.

೬. ಎಲುಬಿಗೆ ಪ್ರತ್ಯುಪಕಾರ

ಇಂಥ ಜಾಲವನ್ನು ಎರಕಹೊಯ್ಯುವುದಾಗಲಿ ಕೊರೆಯುವುದಾಗಲಿ ಬಹುಮಟ್ಟಿಗೆ ಅಸಾಧ್ಯ. ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದೆಡೆಯಲ್ಲಿ ಮಾತ್ರ ಲೇಸರ್ ಕಿರಣದಿಂದ ಕರಗಿಸಿ, ಪದರದ ಮೇಲೆ ಪದರವನ್ನಿಟ್ಟು ಬೆಳೆಸುವ ತ್ರಿವಿಮ ಮುದ್ರಣದಿಂದ ಅದು ಸಾಧ್ಯವಾಗಿದೆ. ಇದರಿಂದ ಅತ್ಯಂತ ಸಾರ್ಥಕವಾದ ಪ್ರಯೋಜನವು ವೈದ್ಯರಿಗೆ ಆಗಿರುವುದೆನ್ನಬಹುದು.

ಕೆಟ್ಟ ಸೊಂಟದ ಕೀಲಿಗೆ ಬದಲಾಗಿ ಟೈಟೇನಿಯಂ ಮಿಶ್ರಲೋಹದ ಅಂಗವನ್ನಿಡುವುದು ಈಗ ಸಾಮಾನ್ಯ ಚಿಕಿತ್ಸೆ. ಆದರೆ ಘನವಾದ ಆ ಲೋಹವು ಎಲುಬಿನ ಗಟ್ಟಿ ಕವಚಕ್ಕಿಂತ ಐದಾರು ಮಡಿ ದೃಢವಾದುದು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಬಲಿಷ್ಠವಾದರೆ ಎಳೆತವೆಲ್ಲ ಅದರ ಪಾಲಿಗೇ ಬೀಳುವಂತೆ, ಹೊರೆಯು ಲೋಹದ ಮೂಲಕವೇ ಹಾಯುವುದು. ಸುತ್ತಲಿನ ಎಲುಬಿಗೆ ಕೆಲಸವಿಲ್ಲದಂತಾಗಿ, ವೋಲ್ಫನ ನಿಯಮದಂತೆ ಅದು ಕರಗತೊಡಗುವುದು. ಗಟ್ಟಿತನವೇ ಇಲ್ಲಿ ದೋಷ. ಲೋಹವನ್ನು ಸುಷಿರವನ್ನಾಗಿ ರಚಿಸಿದರೆ ಅದರ ದಾರ್ಢ್ಯವನ್ನು ಎಲುಬಿನ ಮಟ್ಟಕ್ಕೆ ಇಳಿಸಬಹುದು. ಎಲುಬು ತನ್ನ ಪಾಲಿನ ಹೊರೆಯನ್ನು ಹೊರುವುದು. ಅಷ್ಟೇ ಅಲ್ಲ, ಮಿಲಿಮೀಟರಿನ ಮೂರರಲ್ಲೊಂದರಿಂದ ಅರ್ಧದವರೆಗಿನ ರಂಧ್ರಗಳಲ್ಲಿ ಹೊಸ ಎಲುಬು ಬೆಳೆದು ಲೋಹದೊಡನೆ ಹೆಣೆದುಕೊಳ್ಳುವುದು. ಎಲುಬಿನಿಂದ ಕಲಿತ ಪಾಠವನ್ನು ಎಲುಬಿಗೇ ಒಪ್ಪಿಸಿದಂತಾಯಿತು.

ಈ ಪರಂಪರೆಯ ಒಂದು ಕವಲು ಕರ್ನಾಟಕಕ್ಕೂ ಬಂದಿದೆ. ಕಿಕುಚಿ ಅವರಿದ್ದ ಮಿಷಿಗನ್ನಿನಲ್ಲಿ ೧೯೯೪ರಲ್ಲಿ ಡಾಕ್ಟರೇಟ್ ಪಡೆದ ಜಿ. ಕೆ. ಅನಂತಸುರೇಶ್ ಅವರು, ಕೀಲುಗಳಿಲ್ಲದೆ ತಾನೇ ಬಳುಕಿ ಕೆಲಸಮಾಡುವ ಏಕಖಂಡ ಯಂತ್ರಗಳ ರಚನೆಗೆ ಈ ಗಣನಾಕ್ರಮವನ್ನು ಅನ್ವಯಿಸಿದವರಲ್ಲಿ ಮೊದಲಿಗರು. ೨೦೦೪ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಲ್ಲಿ ಈ ವಿದ್ಯೆಯ ಶಿಷ್ಯಪರಂಪರೆಯನ್ನು ಬೆಳೆಸಿದರು. ಅದೇ ಸಂಸ್ಥೆಯ ಬೇರೆ ವಿಭಾಗಗಳಲ್ಲಿ ಎಲುಬಿನ ಸ್ಥಾನದಲ್ಲಿಡತಕ್ಕ ಸುಷಿರದ್ರವ್ಯಗಳ ಸಂಶೋಧನೆಯೂ ನಡೆದುಬಂದಿದೆ.

ಉಪಸಂಹಾರ

ಇಷ್ಟರಿಂದ ಸಿದ್ಧವಾದುದೇನೆಂದರೆ: ಬಲವು ದ್ರವ್ಯದ ರಾಶಿಯಲ್ಲಿಲ್ಲ, ವಿನ್ಯಾಸದಲ್ಲಿದೆ, ವಿನ್ಯಾಸವು ಹೊರೆಯನ್ನು ಅನುಸರಿಸತಕ್ಕದ್ದು, ಆದರೆ ತಿಳಿದ ಹೊರೆಯೊಂದನ್ನೇ ನಂಬಿದ ವಿನ್ಯಾಸವು ತಿಳಿಯದ ಹೊರೆಗೆ ಬಲಿಯಾಗುವುದು. ಆದಕಾರಣ ಪೂರ್ಣ ಲಾಘವದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ಹಲವೆಡೆಗೆ ಹರಡಿಕೊಳ್ಳುವುದು ವಿವೇಕ. ಇದೇ ಅಸ್ಥಿನ್ಯಾಯ.

ಈ ನ್ಯಾಯದಲ್ಲಿ ಯಂತ್ರಶಾಸ್ತ್ರವು ಇನ್ನೂ ಕಲಿಯಬೇಕಾದ ಭಾಗವೊಂದುಂಟು. ಗಣಕಯಂತ್ರದ ಆಯವ್ಯಯವು ಅಂಗವು ತಯಾರಾಗುವವರೆಗೆ ಮಾತ್ರ ನಡೆಯುವುದು. ತಯಾರಾದ ಲೋಹವು ಮತ್ತೆ ಬದಲಾಗದು. ಹೆಜ್ಜೆಹೆಜ್ಜೆಗೂ ಬಿದ್ದೇಳುವ ಹೊರೆಯಿಂದ ಅದರ ಸಣ್ಣ ತೊಲೆಗಳಲ್ಲಿ ಬಿರುಕು ಹುಟ್ಟಿದರೆ, ಮುಚ್ಚುವವರಿಲ್ಲ. ಎಲುಬಿನಲ್ಲಿಯಾದರೋ ಲೆಕ್ಕವು ಜೀವವಿರುವವರೆಗೂ ಮುಗಿಯದು. ಇಂದಿನ ಬಿರುಕನ್ನು ಅದು ನಾಳೆ ತಿದ್ದುವುದು, ಇಂದಿನ ಹೊರೆಯನ್ನು ನಾಳಿನ ರಚನೆಯಲ್ಲಿ ಬರೆದಿಡುವುದು. ಆದುದರಿಂದ ಇಂಥ ಅಂಗಗಳನ್ನು ದೇಹದಲ್ಲಿಡುವಾಗಲೂ ವಿಮಾನದಲ್ಲಿಡುವಾಗಲೂ ಪರೀಕ್ಷೆಯ ಶ್ರಮವನ್ನು ಉಳಿಸತಕ್ಕದ್ದಲ್ಲ. ದ್ರವ್ಯದಲ್ಲಿ ಸಲ್ಲುವ ಲಾಘವವು ಪರೀಕ್ಷೆಯಲ್ಲಿ ಸಲ್ಲದು.

ಕೊನೆಯದಾಗಿ ಶಬ್ದದ ವಿಚಾರ. ಶಾಲೆಗಳಲ್ಲಿ ವಿಜ್ಞಾನದ ಪಾಠವನ್ನು ಕನ್ನಡದಲ್ಲಿ ಹೇಳುವವರು ಎಲುಬಿನ ಒಳಭಾಗವನ್ನು ಟೊಳ್ಳೆಂದು ಕರೆದರೆ, ಕೇಳುವ ಬಾಲಕನ ಮನಸ್ಸಿನಲ್ಲಿ ಬಲಹೀನತೆಯ ಭಾವನೆಯೇ ಮೂಡುವುದು. ಸುಷಿರವೆಂದು ಕರೆದು, ಒಂದು ಕೊಳಲನ್ನೂ ಸೀಳಿದ ಜೋಳದ ದಂಟನ್ನೂ ಕೈಗೆ ಕೊಟ್ಟರೆ, ಬರಿದಾದ ಎಡೆಯೂ ಕೆಲಸಮಾಡುವುದೆಂಬುದು ಅವನಿಗೆ ಹೇಳದೆಯೇ ತಿಳಿಯುವುದು.